ದಾವಣಗೆರೆಯ ಹಳೇ ಊರು ಎಲ್ಲಿದೆ?

ದಾವಣಗೆರೆ ಸುತ್ತಿದೆ, ಏರಿಯಾಗಳೆಲ್ಲ ಒಂದೇ ಥರ ಇವೆ, ಹಳೇ ಊರು ಎಲ್ಲಿ ಅಂತ ಕೇಳಿದ್ದೀರಿ. ನೀವು ರೈಲ್ವೆ ಹಳಿ ದಾಟಿಲ್ಲ ಅನ್ಸುತ್ತೆ. ಅದಕ್ಕೇ ಹಾಗೆ ಕಂಡಿದೆ. ನೀವು ಸುತ್ತಿದ ವಿದ್ಯಾನಗರ, ಪಿ.ಜೆ. ಬಡಾವಣೆ ಎರಡೂ ಹೊಸ ಊರು. ಹಳೇದೆಲ್ಲ ಹಳಿಯ ಆಚೆಗಿದೆ.

ಬೆಳಿಗ್ಗೆ ಬೇಗ ಗಾಂಧಿ ಸರ್ಕಲ್‌ನಿಂದ ಅಶೋಕ ರಸ್ತೆ ಹಿಡಿದು ಹಳಿ ದಾಟಿ. ಮಂಡಿಪೇಟೆ, ಚೌಕಿಪೇಟೆಗೆ ಗಾಡಿ ಬೇಡ, ನಡೆದೇ ಹೋಗಿ. ಆಮೇಲೆ ದುಗ್ಗಮ್ಮನ ಗುಡಿ ಎಲ್ಲಿ ಅಂತ ಕೇಳಿ. ದುರ್ಗಾಂಬಿಕಾ ದೇವಸ್ಥಾನ ಅಂದರೆ ಒಂದು ಕ್ಷಣ ಯೋಚಿಸುತ್ತಾರೆ, ದುಗ್ಗಮ್ಮ ಅಂದರೆ ತಕ್ಷಣ ಕೈ ತೋರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಆಗ ಹೋದರೆ ಬೀದಿ ಕಾಣಲ್ಲ, ಬರೀ ಜನ.

ಅಲ್ಲಿಂದ ಆಟೋ ಹತ್ತಿ ಮಂಡಕ್ಕಿ ಭಟ್ಟಿಗೆ, ಅಂದರೆ ಮಂಡಕ್ಕಿ ಹುರಿಯೋ ಒಲೆಗಳಿರೋ ಜಾಗಕ್ಕೆ ಹೋಗಿ. ನನ್ನ ಮಟ್ಟಿಗೆ ಊರು ಅಂದರೆ ಇದೇ. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ಚಟಪಟ ಅಂತ ಬೆಳ್ಳಗೆ ಅರಳುತ್ತೆ. ಜರಡಿ ಆಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆ ಜಾಸ್ತಿ, ಮೂಗಿಗೆ ಕರ್ಚೀಫ್ ಇರಲಿ. ಒಳಗೆ ಬಿಡೋದು ಆಯಾ ಭಟ್ಟಿಯವರ ಮನಸ್ಸು, ಸುಮ್ನೆ ನುಗ್ಗಬೇಡಿ, ಕೇಳಿ. ಫೋಟೋಗೂ ಅಷ್ಟೇ.

ಬೆಣ್ಣೆದೋಸೆ ವಾಪಸ್ ಬಂದ ಮೇಲೆ ತಿನ್ನಿ. ಮೊದಲೇ ತಿಂದರೆ ಕಾಲು ಏಳಲ್ಲ.