ಏಳು ತಿಂಗಳಾದರೂ ಮಗು ಕೂರುತ್ತಿಲ್ಲ

ಪ್ರಶ್ನೆ: ಮಗಳು 32 ವಾರಕ್ಕೇ ಹುಟ್ಟಿದಳು. ಈಗ ಏಳು ತಿಂಗಳು. ಬೋರಲು ಬೀಳುತ್ತಾಳೆ, ಕೂರುವುದಿಲ್ಲ. ವಾಕರ್ ತನ್ನಿ ಎಂದು ಅತ್ತೆ ಹೇಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ವಯಸ್ಸಿನ ಲೆಕ್ಕ ಸರಿಮಾಡಿಕೊಳ್ಳಿ. 40 ವಾರಕ್ಕೆ ಎಂಟು ವಾರ ಮೊದಲೇ ಹುಟ್ಟಿದ್ದಾಳೆ. ಆ ಎಂಟು ವಾರ ಕಳೆದರೆ ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗಿನ್ನೂ ಐದು ತಿಂಗಳು. ಎರಡು ವರ್ಷ ತುಂಬುವವರೆಗೂ ಹೀಗೇ ಎಣಿಸಬೇಕು. (ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ, ಮುಂದೂಡಬೇಡಿ.) ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂತದ್ದು ಸುಮಾರು 4ರಿಂದ 9 ತಿಂಗಳ ನಡುವೆ. ಹಾಗಾಗಿ ನಿಮ್ಮ ಮಗಳು ಹಿಂದೆ ಬಿದ್ದಿಲ್ಲ.

ವಾಕರ್ ಖಂಡಿತ ಬೇಡ. ಅದು ನಡಿಗೆಯನ್ನು ಬೇಗ ತರುವುದಿಲ್ಲ. ಮೆಟ್ಟಿಲು, ಒಲೆ, ಬಿಸಿನೀರಿನ ಬಳಿ ಮಗುವನ್ನು ಕ್ಷಣದಲ್ಲಿ ತಲುಪಿಸಿಬಿಡುತ್ತದೆ. ಕೆನಡಾ 2004ರಲ್ಲೇ ನಿಷೇಧಿಸಿದೆ. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ತಿಳಿಸಿ.

ಕೂರಲು ಕತ್ತು, ಬೆನ್ನು, ಭುಜ ಗಟ್ಟಿಯಾಗಬೇಕು. ಮಗು ಎಚ್ಚರವಿದ್ದಾಗ, ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ, ಚಾಪೆಯ ಮೇಲೆ ಬೋರಲು ಮಲಗಿಸಿ ಎದುರು ಗಿಲಕಿ ಆಡಿಸಿ. ಮೂರು–ಐದು ನಿಮಿಷದಂತೆ ಹಲವು ಬಾರಿ, ದಿನಕ್ಕೆ ಒಟ್ಟು ಅರ್ಧ ಗಂಟೆ. ಪಕ್ಕದಲ್ಲೇ ಇರಿ, ನಿದ್ದೆ ಬಂದರೆ ಅಂಗಾತ ಮಲಗಿಸಿ. ಆಮೇಲೆ ಕಾಲುಗಳ ನಡುವೆ ಕೂರಿಸಿಕೊಂಡು, ಅವಳ ಎರಡೂ ಕೈ ಮುಂದೆ ನೆಲಕ್ಕೆ ಊರಿಸಿ.

ಕತ್ತು ಇನ್ನೂ ವಾಲುತ್ತಿದ್ದರೆ, ಕಾಲು ಬಿಗಿಯಾಗಿ ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದರೆ, ಮುಷ್ಟಿ ಬಿಚ್ಚದಿದ್ದರೆ, ಒಂದೇ ಕೈ ಬಳಸುತ್ತಿದ್ದರೆ ಅಥವಾ ಕಲಿತದ್ದನ್ನು ಮರೆತರೆ ಕಾಯಬೇಡಿ, ಮಕ್ಕಳ ತಜ್ಞರಿಗೆ ತಕ್ಷಣ ತೋರಿಸಿ.