ಜಮೀನಿನ ಜಾಡು ಹಿಡಿದು ವರ್ಜೀನಿಯಾದ ಮೂಲಪುರುಷನವರೆಗೆ

ನಮಸ್ಕಾರ. ನಿಮ್ಮ ಸೊಸೆಯ ತವರಿನ ಮೂಲಪುರುಷ 1650ರ ಸುಮಾರಿಗೆ ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಬಂದನೆಂಬ ಮಾತು ಅವರ ಮನೆಯಲ್ಲಿದೆ ಎಂದೂ, ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯಲು ಹೊರಟರೆ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಅವನ ಹೆಸರೇ ಸಿಗುತ್ತಿಲ್ಲ ಎಂದೂ ಬರೆದಿದ್ದೀರಿ. ಅದು ನಿಮ್ಮ ಹುಡುಕಾಟದ ದೋಷವಲ್ಲ. ಅಮೆರಿಕದ ಸರ್ಕಾರ ಅಂಥ ಪಟ್ಟಿಗಳನ್ನು ಕ್ರಮವಾಗಿ ಪಡೆಯತೊಡಗಿದ್ದೇ 1820ರಿಂದ. ಅದಕ್ಕೆ ಹಿಂದಿನವು ಅಲ್ಲೊಂದು ಇಲ್ಲೊಂದು ಉಳಿದಿವೆ, ಅಷ್ಟೆ. ನಾನು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮಗಳ ಮನೆಗೆಂದು ವರ್ಜೀನಿಯಾದ ರಾಜಧಾನಿ ರಿಚ್ಮಂಡಿಗೆ ಹೋದಾಗಲೆಲ್ಲ ಅಲ್ಲಿನ ರಾಜ್ಯ ಗ್ರಂಥಾಲಯದಲ್ಲಿ ಕುಳಿತು ಅಳಿಯನ ಮನೆತನಕ್ಕಾಗಿ ಇದೇ ಕೆಲಸ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ: ಹಡಗನ್ನು ಸದ್ಯಕ್ಕೆ ಬಿಡಿ, ಜಮೀನನ್ನು ಹಿಡಿಯಿರಿ, ಮತ್ತು ಇತ್ತೀಚಿನ ಪತ್ರದಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ.

ಕೈಯಲ್ಲಿರುವ ಪ್ರತಿಯೊಂದು ಕ್ರಯಪತ್ರಕ್ಕೂ ನಮ್ಮ ಉಪನೋಂದಣಿ ಕಚೇರಿಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಬೇಕು: ಈ ಸ್ವತ್ತು ಪಿತ್ರಾರ್ಜಿತವೋ, ಸ್ವಯಾರ್ಜಿತವೋ? ಒಬ್ಬನು 200 ಎಕರೆ ಮಾರಿದ್ದಾನೆ, ಆದರೆ ಅವನು ಅದನ್ನು ಕೊಂಡ ಪತ್ರ ಎಲ್ಲಿಯೂ ಇಲ್ಲವೆಂದರೆ, ಅದು ತಂದೆಯಿಂದ ಬಂದಿರಬೇಕು, ಹೆಂಡತಿಯ ಕಡೆಯಿಂದ ಬಂದಿರಬೇಕು, ಇಲ್ಲವೇ ಸರ್ಕಾರದ ಮಂಜೂರಾತಿಯಿಂದ ಬಂದಿರಬೇಕು. ವರ್ಜೀನಿಯಾದಲ್ಲಿ 1787ರ ಆರಂಭದವರೆಗೆ, ಉಯಿಲು ಬರೆಯದೆ ಸತ್ತವನ ಜಮೀನು ಪೂರ್ತಿಯಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು. ಆದ್ದರಿಂದ ಪತ್ರವಿಲ್ಲದೆ ಕೈಬದಲಾದ ಜಮೀನೇ ಎಷ್ಟೋ ಸಲ ತಂದೆ-ಮಗನ ಸಂಬಂಧಕ್ಕೆ ಸಾಕ್ಷಿಯಾಗುತ್ತದೆ. ಮಾರಾಟಕ್ಕೆ ಹೆಂಡತಿ ಒಪ್ಪಿ ತನ್ನ ಮೂರನೆಯ ಒಂದು ಭಾಗದ ವಿಧವಾಹಕ್ಕನ್ನು ಬಿಟ್ಟುಕೊಟ್ಟ ಟಿಪ್ಪಣಿಯನ್ನೂ ತಪ್ಪದೆ ಹುಡುಕಿ, ಏಕೆಂದರೆ ಅವಳ ಹೆಸರು ಉಳಿದಿರುವ ಏಕೈಕ ಜಾಗ ಅದೇ ಆಗಿರಬಹುದು. ಒಂದೇ ಜಮೀನಿಗೆ ಒಂದರ ಮರುದಿನ ಇನ್ನೊಂದರಂತೆ ಎರಡು ಪತ್ರಗಳು ಕಂಡು, ಮೊದಲನೆಯದರಲ್ಲಿ ಐದು ಶಿಲಿಂಗ್ ಬೆಲೆ ಮತ್ತು ಒಂದು ಮೆಣಸಿನ ಕಾಳಿನ ಬಾಡಿಗೆ ಎಂದಿದ್ದರೆ ಗೊಂದಲಪಡಬೇಡಿ. ಗೇಣಿಗೆ ಕೊಟ್ಟು ಮರುದಿನ ಹಕ್ಕು ಬಿಟ್ಟುಕೊಡುವುದು ಅಂದಿನ ಮಾರಾಟದ ಕ್ರಮವಾಗಿತ್ತು; ನಿಜವಾದ ಬೆಲೆ ಎರಡನೆಯ ಪತ್ರದಲ್ಲಿರುತ್ತದೆ.

ಇನ್ನು ಚಕ್ಕುಬಂದಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದು. ಅಲ್ಲಿ ಸರ್ವೆ ನಂಬರುಗಳಿರಲಿಲ್ಲ. ಕವಲೊಡೆದ ಬಿಳಿ ಓಕ್ ಮರದಿಂದ ಈಶಾನ್ಯಕ್ಕೆ 64 ಪೋಲ್, ಅಲ್ಲಿಂದ ಹಳ್ಳದ ಗುಂಟ ಇಂಥವನ ಗಡಿಯವರೆಗೆ ಎಂಬಂತೆ ಬರೆಯುತ್ತಿದ್ದರು. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ಎರಡು ಪೋಲ್ ಸೇರಿದರೆ ನಮ್ಮ ಸರ್ವೆಯ 33 ಅಡಿಯ ಸರಪಳಿ, ನಾಲ್ಕು ಚದರ ಪೋಲ್ ಸೇರಿದರೆ ಸರಿಯಾಗಿ ನಮ್ಮ ಒಂದು ಗುಂಟೆ. ಇದು ಗೊತ್ತಾದ ದಿನ ಆ ಹಳೆಯ ಪತ್ರಗಳು ನನಗೆ ಪರದೇಶದವು ಅನ್ನಿಸಲಿಲ್ಲ. ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಇಳಿಸಿ, ಪಕ್ಕದ ಜಮೀನುಗಳನ್ನೂ ಬರೆದು ಕತ್ತರಿಸಿ ಜೋಡಿಸಿ. ಅಳಿಯನ ಮನೆತನದಲ್ಲಿ ಒಂದೇ ಹೆಸರಿನ ಇಬ್ಬರಿದ್ದರು; ಅದೇ ಕವಲು ಓಕ್ ಮರ ಅರವತ್ತು ವರ್ಷಗಳ ನಂತರದ ಇನ್ನೊಂದು ಪತ್ರದ ಮೂಲೆಯಲ್ಲಿ ಕಾಣಿಸಿಕೊಂಡಾಗಲೇ ನಮ್ಮವನು ಯಾರು ಎಂಬುದು ಇತ್ಯರ್ಥವಾಯಿತು. ಗಡಿಯ ನೆರೆಹೊರೆಯವರ ಮತ್ತು ಸಾಕ್ಷಿ ಹಾಕಿದವರ ಹೆಸರುಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ಅವರಲ್ಲಿ ಮಾವ, ಷಡ್ಡಕ, ಭಾವಮೈದ ಇದ್ದೇ ಇರುತ್ತಾರೆ.

ಹೀಗೆ ಹಿಂದೆ ಹೋದರೆ ಮೊದಲ ಮಂಜೂರಾತಿ ಪತ್ರ ಸಿಗುತ್ತದೆ. ಅಲ್ಲಿ ಅದಕ್ಕೆ ಪೇಟೆಂಟ್ ಎನ್ನುತ್ತಾರೆ, ಮತ್ತು ಗ್ರಂಥಾಲಯದ ಜಾಲತಾಣದಲ್ಲಿಯೇ ಅದರ ಚಿತ್ರ ನೋಡಬಹುದು. 1618ರಿಂದ ಜಾರಿಗೆ ಬಂದ ಹೆಡ್‌ರೈಟ್ ಪದ್ಧತಿಯಲ್ಲಿ, ಒಬ್ಬ ವ್ಯಕ್ತಿಯನ್ನು ಸ್ವಂತ ಖರ್ಚಿನಲ್ಲಿ ಕರೆತಂದವನಿಗೆ ತಲಾ 50 ಎಕರೆ ಸಿಗುತ್ತಿತ್ತು, ಕರೆತಂದವರ ಹೆಸರುಗಳು ಪತ್ರದ ಕೊನೆಯಲ್ಲಿರುತ್ತಿದ್ದವು. ನಿಮ್ಮವನು ಜಮೀನು ಪಡೆದವನಾಗಿರದೆ ಆ ಪಟ್ಟಿಯಲ್ಲಿ ಒಬ್ಬನಾಗಿರಬಹುದು. ಒಂದು ಎಚ್ಚರಿಕೆ: ಪತ್ರದ ತಾರೀಖು ಬಂದಿಳಿದ ತಾರೀಖಲ್ಲ. ಈ ಹಕ್ಕನ್ನು ಮಾರುತ್ತಿದ್ದರು, ವರ್ಷಗಟ್ಟಲೆ ಇಟ್ಟುಕೊಂಡು ಬಳಸುತ್ತಿದ್ದರು, ಒಬ್ಬನದೇ ಹೆಸರನ್ನು ಎರಡೆರಡು ಬಾರಿ ತೋರಿಸಿದ್ದೂ ಉಂಟು.

ಜಮೀನು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಆಂಟನಿ ಜಾನ್ಸನ್ನನ ಉದಾಹರಣೆ ಸಾಕು. ಆಫ್ರಿಕಾದಿಂದ ಬಂಧಿಯಾಗಿ 1621ರಲ್ಲಿ ವರ್ಜೀನಿಯಾಕ್ಕೆ ಬಂದವನು ಅವನು. ಮೊದಲ ದಾಖಲೆಗಳಲ್ಲಿ ಬರಿಯ ಆಂಟೋನಿಯೊ, ಮನೆತನದ ಹೆಸರೂ ಇಲ್ಲ. 1651ರಲ್ಲಿ ಐದು ತಲೆಗಳ ಲೆಕ್ಕದಲ್ಲಿ ನಾರ್ತಾಂಪ್ಟನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) 250 ಎಕರೆ ಪಡೆದ. 1660ರ ದಶಕದಲ್ಲಿ ಮೇರಿಲ್ಯಾಂಡಿಗೆ ಹೋಗಿ 300 ಎಕರೆ ಗೇಣಿಗೆ ಹಿಡಿದ. ಅವನು ತೀರಿಕೊಂಡ ಮೇಲೆ, 1670ರಲ್ಲಿ ವರ್ಜೀನಿಯಾದ ಪಂಚರು ಅವನು ಕಪ್ಪು ಜನಾಂಗದವನು, ಆದ್ದರಿಂದ ಪರಕೀಯ ಎಂದು ಹೇಳಿ ಅಲ್ಲಿನ ಜಮೀನು ರಾಜನಿಗೆ ಸೇರಬೇಕೆಂದು ತೀರ್ಮಾನಿಸಿದರು. ಓದುವಾಗ ಸಂಕಟವಾಗುತ್ತದೆ. 1677ರಲ್ಲಿ ಅವನ ಮೊಮ್ಮಗ ಮೇರಿಲ್ಯಾಂಡಿನಲ್ಲಿ 44 ಎಕರೆ ಕೊಂಡು ಅದಕ್ಕೆ ಅಂಗೋಲಾ ಎಂದು ಹೆಸರಿಟ್ಟ. ಮನೆತನ ಎಲ್ಲಿಂದ ಬಂತೆಂಬುದರ ಸುಳಿವು ಒಂದು ಜಮೀನಿನ ಹೆಸರಿನಲ್ಲಿ ಉಳಿಯಿತು. ನಿಮ್ಮ ಕಡೆಯ ಜಮೀನಿಗೂ ಹೆಸರಿದ್ದರೆ ಅದನ್ನು ಕಡೆಗಣಿಸಬೇಡಿ.

ಉಯಿಲುಗಳನ್ನು ಓದುವಾಗ ಇಂದಿನ ಅರ್ಥ ಹಚ್ಚಬೇಡಿ. ಹಿರಿಯ ಮಗನ ಹೆಸರು ಇಲ್ಲದಿದ್ದರೆ ಅವನು ಇರಲಿಲ್ಲವೆಂದಲ್ಲ. ಅವನ ಪಾಲು ಮೊದಲೇ ಸಂದಿರಬಹುದು. ಅಳಿಯ ಎಂಬರ್ಥದ ಸನ್-ಇನ್-ಲಾ ಎಂಬ ಪದವನ್ನು ಹೆಂಡತಿಯ ಮೊದಲ ಗಂಡನ ಮಗನಿಗೂ, ಕಸಿನ್ ಎಂಬುದನ್ನು ಅಣ್ಣತಮ್ಮಂದಿರ ಮಕ್ಕಳಿಗೂ ಬಳಸುತ್ತಿದ್ದರು. 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, 1688ರ ಫೆಬ್ರವರಿಯಲ್ಲಿ ಬರೆದ ಉಯಿಲು 1689ರ ಏಪ್ರಿಲಿನಲ್ಲಿ ನ್ಯಾಯಾಲಯಕ್ಕೆ ಬಂದಿದ್ದರೆ ನಡುವೆ ಕಳೆದದ್ದು ಎರಡೇ ತಿಂಗಳು. ಇಂಗ್ಲೆಂಡಿನ ಕೊಂಡಿಗೆ ಕ್ಯಾಂಟರ್ಬರಿಯ ಧರ್ಮಪೀಠದ ನ್ಯಾಯಾಲಯದ ಉಯಿಲುಗಳನ್ನು ನೋಡಿ. 1858ರವರೆಗಿನವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿವೆ. ವರ್ಜೀನಿಯಾದಲ್ಲಿರುವ ತಮ್ಮನಿಗೆ ಇಷ್ಟು ಹಣ ಎಂದು ಊರಿನಲ್ಲೇ ಉಳಿದ ಅಣ್ಣ ಬರೆದ ಒಂದು ಸಾಲು ನಿಮ್ಮ ಪ್ರಶ್ನೆಯನ್ನೇ ಬಗೆಹರಿಸಬಹುದು. ಉಯಿಲಿನ ಜೊತೆಗಿರುವ ಚರಸ್ವತ್ತಿನ ಪಟ್ಟಿಯಲ್ಲಿ ದನ, ಪಾತ್ರೆಗಳ ನಡುವೆ ಗುಲಾಮರ ಹೆಸರುಗಳಿದ್ದರೆ ದಯವಿಟ್ಟು ಅವನ್ನೂ ಬರೆದುಕೊಂಡು ಎಲ್ಲರಿಗೂ ಕಾಣುವಂತೆ ಹಾಕಿ. ಅವರ ವಂಶದವರಿಗೆ ಬೇರೆ ದಾಖಲೆ ಇಲ್ಲದಿರಬಹುದು.

ಕೌಂಟಿಯ ದಾಖಲೆ ಸುಟ್ಟುಹೋಗಿದೆ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಬೇಡಿ. ಜೇಮ್ಸ್ ಸಿಟಿ ಕೌಂಟಿಯಂಥವು ಭದ್ರತೆಗೆಂದು ರಿಚ್ಮಂಡಿಗೆ ಕಳಿಸಿದ್ದ ಪುಸ್ತಕಗಳು 1865ರ ಏಪ್ರಿಲಿನ ಬೆಂಕಿಯಲ್ಲಿ ಹೋದವು. ಆದರೆ ಮಂಜೂರಾತಿ ಪುಸ್ತಕಗಳು ಬೇರೆಯೇ ಇದ್ದು ಉಳಿದಿವೆ. 1704ರ ಭೂಕಂದಾಯದ ಪಟ್ಟಿಯೂ ಇದೆ, ಉತ್ತರದ ನಾರ್ದರ್ನ್ ನೆಕ್ ಭಾಗ ಅದರಲ್ಲಿ ಸೇರಿಲ್ಲ. ಕೌಂಟಿಗಳು ಒಡೆದು ಹೊಸವು ಆಗುತ್ತಿದ್ದುದರಿಂದ, ಜಮೀನು ಆಯಾ ವರ್ಷದಲ್ಲಿ ಯಾವ ಕೌಂಟಿಯಲ್ಲಿತ್ತೆಂದು ಮೊದಲು ಗೊತ್ತುಮಾಡಿಕೊಳ್ಳಿ.

ನಿಮ್ಮ ಬಳಿ ಇರುವ ಅತ್ಯಂತ ಹಳೆಯ ಕ್ರಯಪತ್ರದ ಚಕ್ಕುಬಂದಿ ಭಾಗದ ಫೋಟೊವನ್ನು ಇಲ್ಲಿ ಹಾಕಿದರೆ ನಕ್ಷೆ ಬರೆದುಕೊಡುತ್ತೇನೆ. ಹಾಳೆಯ ಅಂಚಿನ ಬರಹವೂ ಕಾಣುವಂತೆ ತೆಗೆಯಿರಿ. ಗುಮಾಸ್ತರು ಪತ್ರ ಯಾರ ಕೈಗೆ ಕೊಟ್ಟೆವೆಂಬುದನ್ನು ಅಲ್ಲಿಯೇ ಬರೆಯುತ್ತಿದ್ದರು.