ಗಣಿತ ಪ್ರಶ್ನೋತ್ತರ: ಲಾಗ್ ಎಂದರೆ ‘ಎಷ್ಟು ಸಲ?’

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಿದ್ದಾಳೆ. ಕಾಲೇಜು ಶುರುವಾಗುವ ಮೊದಲೇ ಲಾಗರಿದಮ್ ಪರಿಚಯ ಮಾಡಿಸೋಣ ಅಂತಿದ್ದೇನೆ. ಎಲ್ಲಿಂದ ಆರಂಭಿಸಲಿ?
– ಪೋಷಕರು, ನಾಪೋಕ್ಲು

ಉತ್ತರ: ಸೂತ್ರಗಳನ್ನು ಪಕ್ಕಕ್ಕಿಡಿ. ಲಾಗ್ ಟೇಬಲ್ಲನ್ನೂ ಒಂದು ವಾರ ಮುಟ್ಟಬೇಡಿ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸಿ. ಮೇಲೆ 0ರಿಂದ 10ರ ತನಕ ಅಂಕಿಗಳು. ಅವುಗಳ ಕೆಳಗೆ 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತ 1024ರವರೆಗೆ. ಈಗ 16 × 32 ಎಷ್ಟೆಂದು ಕೇಳಿ, ಆದರೆ ಗುಣಿಸುವಂತಿಲ್ಲ. 16ರ ಮೇಲೆ 4 ಇದೆ, 32ರ ಮೇಲೆ 5. ಕೂಡಿದರೆ 9. ಒಂಬತ್ತರ ಕೆಳಗಿರುವ 512 ಉತ್ತರ. 1024ನ್ನು 64ರಿಂದ ಭಾಗಿಸಬೇಕೇ? 10ರಲ್ಲಿ 6 ಕಳೆದು, 4ರ ಕೆಳಗೆ ನೋಡಿದರಾಯಿತು. ಹತ್ತಾರು ಲೆಕ್ಕ ಹೀಗೆ ಬಿಡಿಸಿದ ಮೇಲಷ್ಟೇ ಹೆಸರು ಹೇಳಿ: ಮೇಲಿನ ಸಾಲೇ ಲಾಗ್, ಆಧಾರ 2. ಎರಡನ್ನು ಎಷ್ಟು ಸಲ ಗುಣಿಸಿದ್ದೇವೆ ಎಂಬ ಎಣಿಕೆ ಅದು, ಅಷ್ಟೇ.

ಜೈನ ವಿದ್ವಾಂಸ ವೀರಸೇನರು ಸಾವಿರದ ಇನ್ನೂರು ವರ್ಷಗಳ ಹಿಂದೆ ‘ಧವಳಾ’ ಎಂಬ ವ್ಯಾಖ್ಯಾನ ಗ್ರಂಥದಲ್ಲಿ ಇದನ್ನೇ ಇನ್ನೊಂದು ತುದಿಯಿಂದ ನೋಡಿದ್ದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ‘ಅರ್ಧಚ್ಛೇದ’. 16ರ ಅರ್ಧಚ್ಛೇದ 4. ಆ ಗ್ರಂಥದ ತಾಳೆಗರಿಗಳು ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಎರಡನೇ ವಾರ ಕಷ್ಟದ ಪ್ರಶ್ನೆ: ಕೆಳಗಿನ ಸಾಲಿನಲ್ಲಿ 3 ಇಲ್ಲವಲ್ಲ, ಅದರ ಲಾಗ್ ಎಷ್ಟು? ಉತ್ತರ ಕೊಡಬೇಡಿ, ಹುಡುಕಿಸಿ. 3 × 3 = 9. ಅದು 8ಕ್ಕಿಂತ ಸ್ವಲ್ಪ ಹೆಚ್ಚು. 8ರ ಮೇಲೆ 3 ಇದೆ. ಹಾಗಾದರೆ ಮೂರರ ಲಾಗ್‌ನ ಎರಡರಷ್ಟು 3ಕ್ಕಿಂತ ತುಸು ಹೆಚ್ಚು, ಲಾಗ್ 1.5ಕ್ಕಿಂತ ತುಸು ಹೆಚ್ಚು. ನಿಜವಾದ ಬೆಲೆ 1.585. ಘಾತಾಂಕ, ಅಂದರೆ ‘ಎಷ್ಟು ಸಲ’ ಎಂಬ ಆ ಎಣಿಕೆ, ಪೂರ್ಣಸಂಖ್ಯೆಯೇ ಆಗಬೇಕಿಲ್ಲ ಎಂಬುದು ಮಗುವಿಗೆ ಹೊಳೆಯುವುದು ಇಲ್ಲಿಯೇ. ಈ ಮೆಟ್ಟಿಲು ಹಾರಿಸಿದವರು ಮುಂದೆ ಟೇಬಲ್ಲನ್ನು ಮಂತ್ರದಂತೆ ಓದುತ್ತಾರೆ.

ಆಮೇಲೆ ಆಧಾರ 10. ಎರಡನ್ನು ಹತ್ತು ಸಲ ಗುಣಿಸಿದರೆ 1024. ಅದು 1000ಕ್ಕೆ ಹತ್ತಿರ, ಅಂದರೆ ಹತ್ತನ್ನು ಮೂರು ಸಲ ಗುಣಿಸಿದಷ್ಟು. ಹಾಗಾಗಿ 2ರ ಲಾಗ್ 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚು: 0.3010. ಏಳನ್ನೂ ಹೀಗೇ ಹಿಡಿಯಬಹುದು: 49 ಹೆಚ್ಚುಕಡಿಮೆ 50, ಐವತ್ತು ನೂರರ ಅರ್ಧ, ಹಾಗಾಗಿ ಅದರ ಲಾಗ್ 2 – 0.3010 = 1.6990, ಅದರ ಅರ್ಧ 0.8495, ಸರಿಯಾದ ಬೆಲೆ 0.8451. ಮೂರರದ್ದು 0.4771. ಈ ಮೂರು ಬಾಯಿಗೆ ಬಂದರೆ 1ರಿಂದ 10ರ ತನಕ ಎಲ್ಲ ಸಿಕ್ಕಂತೆ. ಸಿಇಟಿಯಲ್ಲಿ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ, ಅಲ್ಲಿ ಇವೇ ಕೈಹಿಡಿಯುತ್ತವೆ.

ಪ್ರಶ್ನೆ: 0.01748ರ ಲಾಗ್ ಟೇಬಲ್ಲಿನಲ್ಲಿ ‘ಬಾರ್ 2’ ಪಾಯಿಂಟ್ 2425 ಬರುತ್ತದೆ. ಮೊಬೈಲ್ –1.7575 ತೋರಿಸುತ್ತದೆ. ಯಾವುದು ಸರಿ?
– ಪ್ರಥಮ ಪಿಯುಸಿ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಎರಡೂ ಸರಿ, ಎರಡೂ ಒಂದೇ. ಬಾರ್ ಎಂಬ ಅಡ್ಡಗೆರೆ ಇರುವುದು 2ರ ತಲೆಯ ಮೇಲೆ ಮಾತ್ರ. ಋಣ ಆಗಿರುವುದು ಆ ಎರಡಷ್ಟೇ, 0.2425 ಧನವಾಗಿಯೇ ಉಳಿದಿದೆ. –2 + 0.2425 = –1.7575. ಅದನ್ನು –2.2425 ಎಂದು ಓದಿದರೆ ಲೆಕ್ಕ ಕೆಟ್ಟಿತು.

ತಡಿಯಂಡಮೋಳ್ ಬೆಟ್ಟದ ಎತ್ತರ 1748 ಮೀಟರ್, ನಿಮ್ಮ ಅಂಕಿಗಳೇ. ಟೇಬಲ್ಲಿನಲ್ಲಿ 17ರ ಸಾಲು, 4ರ ಕಂಬ: 2405. ನಾಲ್ಕನೇ ಅಂಕಿಗಾಗಿ ಕೂಡಿಸುವ ಮೀನ್ ಡಿಫರೆನ್ಸ್‌ನಲ್ಲಿ 8ರ ಕೆಳಗೆ 20. ಕೂಡಿ 2425. 1748 ಇರುವುದು ಸಾವಿರಕ್ಕೂ ಹತ್ತು ಸಾವಿರಕ್ಕೂ ನಡುವೆ, ಹಾಗಾಗಿ ಅದರ ಲಾಗ್ 3.2425. ದಶಮಾಂಶ ಬಿಂದು ಎಲ್ಲಿಗೆ ಸರಿದರೂ 2425 ಬದಲಾಗದಿರಲಿ ಎಂದೇ ಈ ಬಾರ್ ಪದ್ಧತಿ.

ಅಂಕಗಳು ಹೋಗುವುದು ಭಾಗಾಕಾರದಲ್ಲಿ. ಇದೇ ಸಂಖ್ಯೆಯ ಘನಮೂಲ ಬೇಕಾದರೆ ಲಾಗ್ ಅನ್ನು 3ರಿಂದ ಭಾಗಿಸಬೇಕು. ಬಾರ್ 2 ಮೂರರಿಂದ ಭಾಗವಾಗದು. –2ನ್ನು –3 + 1 ಎಂದು ಬರೆದು, ಆ 1ನ್ನು ದಶಮಾಂಶಕ್ಕೆ ಸೇರಿಸಿ: ಬಾರ್ 3 + 1.2425. ಈಗ ಭಾಗಿಸಿದರೆ ಬಾರ್ 1 ಪಾಯಿಂಟ್ 4142. ಇದು ಯಾವ ಸಂಖ್ಯೆಯ ಲಾಗ್ ಎಂದು ಹಿಂದಕ್ಕೆ ಹುಡುಕಿದರೆ, ಅಂದರೆ ಆಂಟಿಲಾಗ್ ನೋಡಿದರೆ, 0.2595. ಮೊಬೈಲಿನಲ್ಲಿ ತಾಳೆ ನೋಡುವಾಗ ‘ಎಲ್‌ಎನ್’ ಗುಂಡಿ ಒತ್ತಬೇಡಿ, ಅದರ ಆಧಾರ 10 ಅಲ್ಲ, 2.718.

ಪ್ರಶ್ನೆ: ಮಕ್ಕಳು ‘ಲಾಗ್ (ಅ + ಬ) = ಲಾಗ್ ಅ + ಲಾಗ್ ಬ’ ಎಂದೇ ಬರೆಯುತ್ತಾರೆ. ಬಿಡಿಸುವುದು ಹೇಗೆ?
– ಶಿಕ್ಷಕಿ, ವಿರಾಜಪೇಟೆ

ಉತ್ತರ: ‘ತಪ್ಪು’ ಎಂದಷ್ಟೇ ಹೇಳಿದರೆ ನಿಲ್ಲುವುದಿಲ್ಲ. ಅ, ಬ ಎರಡರ ಜಾಗದಲ್ಲೂ 10 ಹಾಕಿಸಿ. ಬಲಕ್ಕೆ 1 + 1 = 2, ಅದು ನೂರರ ಲಾಗ್. ಎಡಕ್ಕೆ 20ರ ಲಾಗ್, 1.3010. ಮಕ್ಕಳೇ ಹಿಡಿಯುತ್ತಾರೆ.

ಪ್ರಶ್ನೆ: ಕಾಫಿ ತೋಟದ ಮಣ್ಣಿನ ಪಿಎಚ್ 5.3 ಇದ್ದದ್ದು 5.0 ಆಗಿದೆ. ಇಷ್ಟು ಸಣ್ಣ ಇಳಿಕೆಗೆ ತಲೆಕೆಡಿಸಿಕೊಳ್ಳಬೇಕೇ?
– ಬೆಳೆಗಾರರು, ಸೋಮವಾರಪೇಟೆ

ಉತ್ತರ: ಬೇಕು. ಹುಳಿಯನ್ನು ಅಳೆಯುವ ಪಿಎಚ್ ಕೂಡ ಲಾಗ್ ಅಳತೆಯೇ, ಆಧಾರ 10. ಒಂದು ಅಂಕಿ ಇಳಿದರೆ, ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟು. 0.3 ಇಳಿದರೆ? 2ರ ಲಾಗ್ 0.3010, ಅಂದರೆ ದುಪ್ಪಟ್ಟು. ನಮ್ಮ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದೊಯ್ಯುವುದರಿಂದ ಮಣ್ಣು ಹುಳಿಯಾಗುತ್ತ ಹೋಗುತ್ತದೆ. ಆದರೆ ಹುಳಿ ಎರಡರಷ್ಟಾಯಿತೆಂದು ಸುಣ್ಣವನ್ನೂ ಎರಡರಷ್ಟು ಹಾಕಬೇಡಿ. ಎಷ್ಟು ಸುಣ್ಣ ಬೇಕೆಂಬುದು ಜೇಡಿ ಮತ್ತು ಸಾವಯವ ಅಂಶವನ್ನೂ ಅವಲಂಬಿಸಿದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ ಬರೆದ ಪ್ರಮಾಣವನ್ನೇ ಹಾಕಿ.